ಮೂವತ್ತೊಂದು ಜೊತೆ ಕಣ್ಣು

ಸತ್ತವರಿಗೆ ಕಣ್ಣು ಬರೆಯುವ ಕೆಲಸ ಇಂದ್ರಾಣಿಯ ಪಾಲಿಗೆ ಬಂದದ್ದು ಮದುವೆಯಾದ ಮರುವರ್ಷ. ಅವಳ ಗಂಡ ಸಿದ್ದು ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ತೊಂಬತ್ತರ ಆಚೀಚಿನ ಮಾತು. ಆಗಿನ ಹಳ್ಳಿಯ ಮುದುಕ ಮುದುಕಿಯರಲ್ಲಿ ಬಹಳ ಮಂದಿ ಬದುಕಿರುವಾಗ ಒಂದು ಫೋಟೋ ತೆಗೆಸಿಕೊಂಡವರಲ್ಲ. ಆಯಸ್ಸು ಕಡಿಮೆಯಾಗುತ್ತದೆ ಎಂದು ಕೆಲವರು, ಈ ಮೋರೆಯನ್ನು ಯಾರು ನೋಡಬೇಕು ಎಂದು ಕೆಲವರು, ಹಾಗೇ ಹೋಗಿಬಿಡುತ್ತಿದ್ದರು. ಹೋದ ಮೇಲೆ ಮಕ್ಕಳಿಗೆ ದಿಗಿಲು. ಮಾರ್ಲಾಮಿಯ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಎದುರಿಗೆ ಒಂದು ಮುಖ ಬೇಡವೇ? ಯಾರಾದರೂ ಸೈಕಲ್ ಹತ್ತಿ ಸಿದ್ದುವನ್ನು ಕರೆಯಲು ಓಡಿಬರುತ್ತಿದ್ದರು.

ಲಿಂಗವಂತರ ಮನೆಯಾದರೆ ಅವನಿಗೆ ಕೆಲಸ ಹಗುರ. ಅವರಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆತುಂಬ ವಿಭೂತಿ, ಕೊರಳಿಗೆ ಹಾರ, ಹೊಸ ಬಟ್ಟೆ. ಊಟಕ್ಕೆ ಕೂತು ತೂಕಡಿಸಿದವರ ಹಾಗೆ ಕಾಣುತ್ತಾರೆ. ಮಿಕ್ಕವರ ಮನೆಗಳಲ್ಲಿ ಕುರ್ಚಿಯ ಮೇಲೆ ಕೂರಿಸಿ ಹಿಂದಿನಿಂದ ಯಾರಾದರೂ ಹಿಡಿದುಕೊಳ್ಳಬೇಕು. ಹಿಡಿದವರ ಬೆರಳು ಚಿತ್ರದಲ್ಲಿ ಬಂದರೆ ಅದನ್ನು ಅಳಿಸುವುದೂ ಇಂದ್ರಾಣಿಯ ಕೆಲಸವೇ. ಅವಳ ಅಪ್ಪ ಚಲುವಯ್ಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಕುಂಚ ಹಿಡಿಯುವುದು ಅವಳಿಗೆ ಹುಟ್ಟಿನಿಂದ ಬಂದಿತ್ತು. ಬ್ಲೇಡಿನ ಮೂಲೆಯಿಂದ ಮುಚ್ಚಿದ ರೆಪ್ಪೆಯನ್ನು ಕೂದಲೆಳೆಯಷ್ಟು ಕೆರೆದು, ಬಿಳಿ ಕೊಟ್ಟು, ಪಾಪೆ ಬರೆದು, ಪಾಪೆಯೊಳಗೆ ಸಾಸಿವೆಕಾಳಿನಷ್ಟು ಬೆಳಕು ಇಟ್ಟರೆ ಸತ್ತವರು ಎದ್ದು ಕೂತಂತೆ ನೋಡುತ್ತಿದ್ದರು.

ಮೊದಲ ಚಿತ್ರಕ್ಕೆ ಅವಳು ವಾರಪತ್ರಿಕೆಯ ಮುಖಪುಟದಲ್ಲಿದ್ದ ನಟಿಯ ಕಣ್ಣು ನೋಡಿ ಬರೆದಿದ್ದಳು. ಎಪ್ಪತ್ತು ದಾಟಿದ ಅಜ್ಜಿ ಓರೆನೋಟ ಬೀರುತ್ತ ಕೂತುಬಿಟ್ಟಿತು. ಆ ಮನೆಯ ಮೊಮ್ಮಗ ಚಿತ್ರವನ್ನು ಹಿಂದಕ್ಕೆ ತಂದ. “ನಮ್ಮಜ್ಜಿ ಇಂಗೆ ಯಾರ್ನೂ ನೋಡಿದ್ದಿಲ್ಲ ಕಣ್ರೀ. ತಾತ ಬದುಕಿದ್ರೆ ಇವತ್ತೇ ಇನ್ನೊಂದು ದಪಾ ಸಾಯ್ಸಿಬುಡೋನು” ಎಂದ. ಆಮೇಲೆ ಅವಳು ಮನೆಯವರನ್ನೇ ಕೇಳತೊಡಗಿದಳು. ಕಣ್ಣು ಹೇಗಿದ್ದವು? ದೊಡ್ಡವೋ, ಚಿಕ್ಕವೋ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಕಣ್ಣು ಕಣ್ಣಂಗೇ ಇದ್ದೊ ಕಣವ್ವ” ಎನ್ನುತ್ತಿದ್ದರು. ನಲವತ್ತು ವರ್ಷ ಒಂದೇ ಒಲೆಯಲ್ಲಿ ಉಂಡವರೂ ಅಷ್ಟೇ. ಹೆತ್ತವಳ ಕೈ ಹೇಗಿತ್ತೆಂದು ಹೇಳುತ್ತಾರೆ, ಸೀರೆಯ ಅಂಚು ಹೇಳುತ್ತಾರೆ, ಕಣ್ಣು ಮಾತ್ರ ಯಾರೂ ಹೇಳಲಾರರು. ಕೊನೆಗೆ ಅವಳು ಪೌಡರ್ ಡಬ್ಬಿಯ ಪುಟ್ಟ ಕನ್ನಡಿಯನ್ನು ಮೇಜಿಗೆ ಒರಗಿಸಿ, ಅದರಲ್ಲಿ ನೋಡಿಕೊಂಡು ಬರೆಯುವ ರೂಢಿ ಮಾಡಿಕೊಂಡಳು. ತಾನು ಅದರಿಂದ ತೆಗೆದುಕೊಳ್ಳುತ್ತಿರುವುದು ನೀರು ಮತ್ತು ಬೆಳಕು ಮಾತ್ರ ಎಂದು ತಿಳಿದಿದ್ದಳು. ವಯಸ್ಸಾದವರಿಗೆ ಸುತ್ತ ಸುಕ್ಕು ಸೇರಿಸುತ್ತಿದ್ದಳು, ಪಾಪೆಯ ಅಂಚಿಗೆ ಬೂದಿಬಣ್ಣದ ಉಂಗುರ ಕೊಡುತ್ತಿದ್ದಳು. ಆಮೇಲೆ ಒಂದು ಚಿತ್ರವೂ ಹಿಂದಕ್ಕೆ ಬರಲಿಲ್ಲ.

ಹೀಗೆ ಹದಿಮೂರು ವರ್ಷ ನಡೆಯಿತು. ಒಂದೊಂದು ಚಿತ್ರವೂ ಒಂದೊಂದು ಊರಿಗೆ ಹೋಯಿತು. ಕೆಲವನ್ನು ಅವಳೇ ಕೊಟ್ಟುಬರುತ್ತಿದ್ದಳು. ಇಂದ್ರಾಣಿ, ಸಿದ್ದು ಊರಾಚೆಯ ಕೇರಿಯ ಜಾತಿಯವರು. ದೊಡ್ಡಮನೆಗಳಿಗೆ ಹೋದರೆ ಜಗಲಿಯ ಅಂಚಿನಲ್ಲಿ ಕೂರಬೇಕು, ಮೇಲಿನಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಕುಡಿಯಬೇಕು. ಚಿತ್ರ ಒಳಗೆ ಹೋಗುತ್ತಿತ್ತು, ಅವಳು ಜಗಲಿಯಿಂದ ಎದ್ದು ಬಸ್ಸಿಗೆ ಬರುತ್ತಿದ್ದಳು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಈ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಮೈಸೂರಿನಲ್ಲಿ ಕಂಪ್ಯೂಟರಿನಲ್ಲೇ ಕಣ್ಣು ತೆರೆಸುತ್ತಿದ್ದರು. ಆಗ ಅರ್ಪಿತ ಎಂಬ ಹುಡುಗಿ ಸ್ಟುಡಿಯೋ ಹುಡುಕಿಕೊಂಡು ಬಂದಳು. ಮೈಸೂರಿನ ಕಲಾಶಾಲೆಯಲ್ಲಿ ಓದಿದವಳು, ನಂಜನಗೂಡಿನವಳು. ಯಾರದೋ ಮನೆಯಲ್ಲಿ ಒಂದು ಚಿತ್ರ ನೋಡಿ, ಹಿಂದೆ ತಿರುಗಿಸಿ, ಸ್ಟುಡಿಯೋದ ಮೊಹರು ಓದಿಕೊಂಡು ಬಂದಿದ್ದಳು.

“ಕಣ್ಣು ಬರೆದಿದ್ದು ಯಾರು ಸರ್?” ಎಂದು ಸಿದ್ದುವನ್ನು ಕೇಳಿದಳು.

“ನಮ್ಮನೇವ್ಳು. ಯಾಕವ್ವಾ, ಕಿತ್ತೋಯ್ತಾ?”

“ಇಲ್ಲ. ಅದು ಮೂರು ದಿನದಿಂದ ನನ್ನ ಬಿಡ್ತಾ ಇಲ್ಲ.”

ಅರ್ಪಿತ, ಅವಳ ದೊಡ್ಡಪ್ಪನ ಮಗ ಮದನ್ ಇಬ್ಬರೂ ಸೇರಿ ನಂಜನಗೂಡಿನ ಅಂಗಡಿಬೀದಿಯಲ್ಲಿ ‘ಅಟ್ಟ’ ಎಂಬ ಹೆಸರಿನ ಕಾಫಿ ಅಂಗಡಿ ನಡೆಸುತ್ತಿದ್ದರು. ಕೆಳಗೆ ಮದನನ ಅಪ್ಪ ಬಸವಪ್ರಸಾದರ ಪಾತ್ರೆ ಅಂಗಡಿ. ಮೇಲೆ ಹಂಡೆ ಕೊಪ್ಪರಿಗೆ ತುಂಬಿದ್ದ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಹೊಡೆದು, ಆರು ಬೆಂಚು ಹಾಕಿದ್ದರು. ಫ್ಯಾಕ್ಟರಿಯ ಶಿಫ್ಟು ಮುಗಿಸಿದ ಹುಡುಗರು ಅಲ್ಲಿ ಕವಿತೆ ಓದುತ್ತಿದ್ದರು. ಭಾನುವಾರ ಮಧ್ಯಾಹ್ನ ಮದನ್ ಗಿಟಾರು ಹಿಡಿದು ತಾನೇ ಕಟ್ಟಿದ ಹಾಡು ಹೇಳುತ್ತಿದ್ದ. ತಂಬೂರಿ ಮೀಟುತ್ತ ಕತೆ ಹಾಡುವ ನೀಲಗಾರರೊಬ್ಬರು ಒಂದು ದಿನ ಬರೀ ಕಾಫಿಗೆಂದು ಹತ್ತಿಬಂದವರು ಅವನ ಪಕ್ಕ ಕೂತು, ಎರಡು ಬಸ್ಸು ತಪ್ಪಿಸಿಕೊಂಡು ಹಾಡಿ ಹೋಗಿದ್ದರು. ಗೋಡೆಯ ಮೇಲೆ ತಿಂಗಳಿಗೊಬ್ಬರ ಚಿತ್ರ. ಊರಿನವರು ತಲೆ ಓರೆಮಾಡಿ ನೋಡಿ, “ಇದ್ರಲ್ಲಿ ಮೇಲ್ಗಡೆ ಯಾವ್ದಪ್ಪ?” ಎಂದು ಕೇಳಿ, ಕಾಫಿ ಕುಡಿದು ಇಳಿಯುತ್ತಿದ್ದರು. ‘ಅಟ್ಟ ಹತ್ತಿದ ಮಕ್ಕಳು’ ಎಂದು ಬಸವಪ್ರಸಾದರು ಗಿರಾಕಿಗಳ ಮುಂದೆ ಗೊಣಗುತ್ತಿದ್ದರು. ಆದರೂ ಹಾಡು ಶುರುವಾದರೆ ತಪ್ಪಲೆ ಬಡಿದು ತೋರಿಸುವುದನ್ನು ನಿಲ್ಲಿಸುತ್ತಿದ್ದರು.

ಆ ಗೋಡೆಗೆ ಇಂದ್ರಾಣಿಯ ಚಿತ್ರಗಳು ಬೇಕೆಂದು ಅರ್ಪಿತ ಹಟ ಹಿಡಿದಳು. ಮದನ್ ಬೈಕಿನಲ್ಲಿ ಎರಡು ತಾಲ್ಲೂಕು ಸುತ್ತಿದ. ತಲಕಾಡಿನ ಕಡೆಯಿಂದ, ಮುಡುಕುತೊರೆಯಿಂದ, ತಗಡೂರಿನ ಆಚೆಯಿಂದ ಮನೆಮನೆಯಲ್ಲೂ ಬೇಡಿ, ಮಾರ್ಲಾಮಿಗೆ ಮುಂಚಿನ ಭಾನುವಾರ ಬಂದು ತೆಗೆದುಕೊಂಡು ಹೋಗಬಹುದೆಂದು ಮಾತು ಕೊಟ್ಟು ಮೂವತ್ತೊಂದು ಚಿತ್ರ ತಂದ. ಬಾಗಿಲ ಮೇಲೆ ಅರ್ಪಿತ ದೊಡ್ಡಕ್ಷರದಲ್ಲಿ ಬರೆದಳು: ‘ಇಂದ್ರಾಣಿ ಬರೆದ ಕಣ್ಣುಗಳು’. ಅಪ್ಪ ಬರೆದ ನೂರಾರು ಬೋರ್ಡುಗಳಲ್ಲಿ, ಗಂಡನ ಮೊಹರಿನಲ್ಲಿ, ರೇಷನ್ ಕಾರ್ಡಿನ ಎರಡನೆಯ ಸಾಲಿನಲ್ಲಿ ಕೂಡ ಇಂದ್ರಾಣಿ ತನ್ನ ಹೆಸರನ್ನು ಅಷ್ಟು ದೊಡ್ಡದಾಗಿ ನೋಡಿದ್ದಿಲ್ಲ. ಬಾಗಿಲು ದಾಟುವಾಗಲೆಲ್ಲ ಓದದವಳಂತೆ ಓದಿಕೊಳ್ಳುತ್ತಿದ್ದಳು.

ಚಿತ್ರ ತೂಗುಹಾಕುವುದಕ್ಕೆ ಅರ್ಪಿತಳದು ಒಂದು ಕ್ರಮ. ಚೌಕಟ್ಟಿನ ಅಳತೆಗೆ ಹಾಕಬಾರದು, ನೋಟದ ಅಳತೆಗೆ ಹಾಕಬೇಕು ಎನ್ನುತ್ತಿದ್ದಳು. ಗೋಡೆಯ ಈ ತುದಿಯಿಂದ ಆ ತುದಿಗೆ ಬಿಳಿ ದಾರ ಎಳೆದು ಕಟ್ಟಿ, ಚಿತ್ರ ದೊಡ್ಡದಿರಲಿ ಚಿಕ್ಕದಿರಲಿ, ಎಲ್ಲರ ಕಣ್ಣೂ ಆ ದಾರದ ಮಟ್ಟಕ್ಕೇ ಬರುವಂತೆ ಮೊಳೆ ಹೊಡೆಸಿದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಗೋಡೆಗೆ ಬೀಳುತ್ತಿತ್ತು. ಕೊನೆಯ ಚಿತ್ರ ಹಾಕಿ ದಾರ ಬಿಚ್ಚಿದಾಗ ಇಂದ್ರಾಣಿ ಎದುರು ಬೆಂಚಿನಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಳು.

ಅಲ್ಲಿಯವರೆಗೆ ಅವಳು ತಾನು ಬರೆದ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದವಳಲ್ಲ. ಒಂದು ಮುಗಿದು ಹೋದ ಮೇಲೆಯೇ ಇನ್ನೊಂದು ಬರುತ್ತಿತ್ತು. ಈಗ ಮೂವತ್ತೊಂದು ಮುಖ ಒಂದೇ ಸಾಲಿನಲ್ಲಿ ಅವಳನ್ನು ನೋಡಿದವು. ಗಂಡಸರು, ಹೆಂಗಸರು, ಬೋಳುತಲೆಯವರು, ಕಿವಿಗೆ ಕಡುಕು ಹಾಕಿದವರು. ಎಲ್ಲರ ಎಡಗಡೆಯ ಕಣ್ಣಿನ ಮೇಲುರೆಪ್ಪೆಯಲ್ಲೂ, ಹೊರಮೂಲೆಯ ಹತ್ತಿರ, ಅಕ್ಕಿಕಾಳಿನಷ್ಟು ಒಂದು ಮಡಿಕೆ. ಅದರ ಭಾರಕ್ಕೆ ಆ ರೆಪ್ಪೆ ಒಂದೆಳೆ ಇಳಿದಿತ್ತು.

ಅದು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಿನಾ ಬೆಳಗ್ಗೆ ಹಣೆಗೆ ಇಟ್ಟುಕೊಳ್ಳುವಾಗ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಅದೇ.

ಲೋಟ ಬಿಸಿಯಾಗಿತ್ತು, ಕೈಗೆ ತಿಳಿಯಲಿಲ್ಲ. ನೋಡುತ್ತ ಹೋದಂತೆ ಇನ್ನೂ ಒಂದು ಕಂಡಿತು. ಮೂರನೆಯ ಮುದುಕನ ಕಣ್ಣಲ್ಲಿ ನಗು ತಡೆದಿತ್ತು. ಅವತ್ತು ಸಿದ್ದು ಪಕ್ಕದಲ್ಲಿ ಕೂತು ಕುರ್ಚಿಯಿಂದ ಜಾರಿದ ಯಾವುದೋ ಹೆಣದ ಕತೆ ಹೇಳುತ್ತಿದ್ದ. ಎಂಟನೆಯದರಲ್ಲಿ ಜ್ವರ. ಹನ್ನೊಂದನೆಯ ಹೆಂಗಸು ಅತ್ತೆಯ ಮಾತಿಗೆ ಎದುರು ಹೇಳಲಾಗದೆ ಹಲ್ಲು ಕಚ್ಚಿ ಕೂತಿತ್ತು. ಹೋದವರ ಸುದ್ದಿ ಅಲ್ಲಿ ಏನೂ ಇರಲಿಲ್ಲ. ಅವಳ ಹದಿಮೂರು ವರ್ಷ ಬೇರೆಯವರ ಮುಖ ತೊಟ್ಟುಕೊಂಡು ಗೋಡೆಯ ಮೇಲೆ ಕೂತಿತ್ತು.

ಹತ್ತೊಂಬತ್ತನೆಯ ಚಿತ್ರಕ್ಕೆ ಬಂದಾಗ ಅವಳು ಎದ್ದು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಳು. ಅದು ತಗಡೂರಿನ ಆಚೆಯ ಊರಿನ ಗುರುಬಸಮ್ಮನದು. ತೊಂಬತ್ತೆರಡರಲ್ಲಿ ಬರೆದದ್ದು. ಬರೆದ ವಾರವೂ ನೆನಪಿತ್ತು. ಏಳು ತಿಂಗಳಿಗೆ ಹುಟ್ಟಿ ಉಸಿರಾಡದೆ ಹೋದ ಮೊದಲ ಕೂಸನ್ನು ಅವಳಿಗೆ ತೋರಿಸದೆಯೇ ಸಿದ್ದುವೂ ಅತ್ತೆಯೂ ಎತ್ತಿಕೊಂಡು ಹೋಗಿ ಮಣ್ಣುಮಾಡಿ ಬಂದಿದ್ದರು. ಊರಿನ ಸತ್ತವರಿಗೆಲ್ಲ ಕ್ಯಾಮೆರಾ ಹಿಡಿದವನು ಅದಕ್ಕೆ ಹಿಡಿಯಲಿಲ್ಲ. ಹದಿನೈದು ದಿನದ ಮೇಲೆ, ಮನೆಯವರು ಕಾಯುತ್ತಿದ್ದಾರೆ ಎಂದು ಗುರುಬಸಮ್ಮನ ಚಿತ್ರ ತಂದು ಅವಳ ಮುಂದೆ ಇಟ್ಟ. ಅಷ್ಟು ದಿನ ಕನ್ನಡಿ ನೋಡದಿದ್ದವಳು ಅವತ್ತು ನೋಡಿದಳು. ಆ ಕಣ್ಣು ಬರೆಯಲು ಮೂರು ದಿನ ಹಿಡಿಯಿತು. ಆಮೇಲೆ ಇಬ್ಬರು ಮಕ್ಕಳಾದರು, ಬೆಳೆದರು, ಆ ಕೂಸಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಅದಕ್ಕೆ ಹೆಸರಿಲ್ಲ, ಫೋಟೋ ಇಲ್ಲ, ದಿನವಿಲ್ಲ. ಇಂದ್ರಾಣಿಯೇ ಮರೆತೆನೆಂದು ತಿಳಿದಿದ್ದಳು. ಗೋಡೆಯ ಮೇಲಿನ ಗುರುಬಸಮ್ಮ ಮರೆತಿರಲಿಲ್ಲ.

“ಏನಕ್ಕಾ, ಚೆನ್ನಾಗಿಲ್ವಾ?” ಎಂದಳು ಅರ್ಪಿತ.

“ಚೆಂದಾಗದೆ ಕಣವ್ವ. ಬಿಸ್ಲು ಹೊಡೀತದೆ.”

ಅರ್ಪಿತಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮನೆಗೆ ಬಂದು ಹೇಳಿದಾಗ ಸಿದ್ದುವೂ ನಂಬಲಿಲ್ಲ. ಅವಳ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, “ನಿಂಗೆ ಮಡಿಕೆ ಇರೋದು ಈ ಕಡೆ. ಪಟದಲ್ಲಿ ಆ ಕಡೆ ಅಲ್ವಾ ಇರೋದು?” ಎಂದ. ಎಂದವನು, ಜೀವಮಾನವಿಡೀ ನೆಗೆಟಿವ್ ತೊಳೆದವನು, ತಾನೇ ನಾಲಿಗೆ ಕಚ್ಚಿಕೊಂಡ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ. ಎದುರಿಗೆ ನಿಂತು ನೋಡುವವರು ಯಾರೂ ಅದನ್ನು ಇಂದ್ರಾಣಿಯ ಕಣ್ಣೆಂದು ಗುರುತಿಸಲಾರರು. ಕನ್ನಡಿಯಲ್ಲಿ ಅವಳನ್ನು ನೋಡುವವಳು ಲೋಕದಲ್ಲಿ ಅವಳೊಬ್ಬಳೇ.

ಸಿದ್ದು ಮೊದಲು ನಕ್ಕ. “ಅಂಗಾದ್ರೆ ಎಲ್ರ ಮನೇಲೂ ನಿಂಗೇ ಎಡೆ! ಒಬ್ಬಟ್ಟು, ವಡೆ, ಪಾಯ್ಸ. ಅದ್ಕೇ ನೀನು ಇಂಗೆ ದಪ್ಪ ಆಗಿರೋದು.” ಅವಳು ನಗದಿದ್ದಾಗ ಅವನ ನಗೆಯೂ ಇಳಿಯಿತು. “ಇಗಾ, ಬಾಯಿಬುಟ್ಟು ಯಾರ್ಗೂ ಏಳ್ಬೇಡ. ನಮ್ಮನ್ನ ಜಗಲಿ ಮ್ಯಾಲೆ ಕೂರ್ಸೋರು ಅವ್ರು. ನಿನ್ನ ಕಣ್ಣು ಅವ್ರ ದೇವ್ರ ಪಕ್ಕದಲ್ಲಿ ಕೂತದೆ ಅಂತ ಗೊತ್ತಾದ್ರೆ ಪಟ ಬೀದೀಗೆ ಬತ್ತದೆ. ಆ ಅಟ್ಟದ ಮಕ್ಳಿಗೂ ಕೆಟ್ಟೆಸ್ರು. ನಿನ್ನೆಸ್ರು ಬ್ಯಾರೆ ಬಾಗ್ಲ ಮ್ಯಾಲೆ ಬರ್ದವ್ರೆ.”

ಅವನು ಹೇಳಿದ್ದು ಸರಿ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅದೇ ಅವಳನ್ನು ಕಾಡಿತು. ಕಳ್ಳತನವಾದರೆ ಎಂದಾದರೂ ಯಾರಾದರೂ ಹಿಡಿಯುತ್ತಾರೆ ಎಂಬ ಭಯವಿರುತ್ತದೆ. ಭಯ ಅರ್ಧ ಭಾರ ಹೊರುತ್ತದೆ. ಇದನ್ನು ಪೂರ್ತಿ ಅವಳೇ ಹೊರಬೇಕು.

ಎಂಟು ದಿನ ಚಿತ್ರಗಳು ಅಟ್ಟದಲ್ಲಿದ್ದವು. ಮೈಸೂರಿನಿಂದ ಹುಡುಗರು ಬಂದರು, ಪತ್ರಿಕೆಯವರೊಬ್ಬರು ಬಂದು ಅವಳ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು. ಗೋಡೆಯ ಮುಂದೆ ಕಾಫಿ ಕುಡಿಯುವವರು ದನಿ ತಗ್ಗಿಸುತ್ತಿದ್ದರು. “ಎಲ್ಲಾ ನೆಂಟರ ಥರ ಕಾಣ್ತಾರಲ್ಲ” ಎಂದರೊಬ್ಬರು. ಇನ್ನೊಬ್ಬರು, “ಒಂದೇ ಹೊಳೆ ನೀರು ಕುಡಿದೋರಲ್ವಾ” ಎಂದರು. ಆ ಭಾನುವಾರ ಮದನ್ ಗೋಡೆಗೆ ಬೆನ್ನು ಹಾಕಿ ಹಾಡಲು ಕೂತವನು ಎರಡನೆಯ ಹಾಡಿಗೆ ಎದ್ದು ಜಾಗ ಬದಲಿಸಿದ. “ಬೆನ್ನಿಗೆ ಯಾರೋ ಉಸಿರು ಬಿಟ್ಟಂಗಾಗುತ್ತೆ ಅಕ್ಕಾ” ಎಂದು ನಾಚಿ ನಕ್ಕ. ಇಂದ್ರಾಣಿಗೆ ನಗು ಬರಲಿಲ್ಲ. ಅವಳು ಎಲ್ಲಿ ಕೂತರೂ ತಾನೇ ತನ್ನನ್ನು ಮೂವತ್ತೊಂದು ಕಡೆಯಿಂದ ನೋಡುತ್ತಿದ್ದಳು. ಕಾಫಿಗೆ ಸಕ್ಕರೆ ಹಾಕುವಾಗ ನೋಡುತ್ತಿದ್ದಳು, ಸೆರಗು ಸರಿಮಾಡಿಕೊಳ್ಳುವಾಗ ನೋಡುತ್ತಿದ್ದಳು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗಲೂ, ತಲಕಾಡಿನ ಯಾವುದೋ ನಡುಮನೆಯಲ್ಲಿ, ಮುಡುಕುತೊರೆಯ ಯಾವುದೋ ದೇವರ ಗೂಡಿನ ಪಕ್ಕದಲ್ಲಿ, ಈ ಗೋಡೆಗೆ ಬಾರದೆ ಉಳಿದ ನೂರಾರು ಮನೆಗಳಲ್ಲಿ ತಾನು ರೆಪ್ಪೆ ಮುಚ್ಚದೆ ಎಚ್ಚರವಾಗಿ ಕೂತಿದ್ದೇನೆ ಅನ್ನಿಸುತ್ತಿತ್ತು.

ಕೊನೆಯ ಭಾನುವಾರ ಬೆಳಗ್ಗೆಯಿಂದ ಮನೆಯವರು ಬಂದು ತಮ್ಮ ತಮ್ಮ ಹಿರಿಯರನ್ನು ಇಳಿಸಿಕೊಂಡು ಹೋಗತೊಡಗಿದರು. ಇಂದ್ರಾಣಿ ಪ್ರತಿಯೊಬ್ಬರ ಮುಂದೆಯೂ ಬಾಯಿ ತೆರೆದು ಮುಚ್ಚಿದಳು. ಮೊದಲನೆಯವನಿಗೆ ಬಸ್ಸಿನ ಅವಸರ, ಎರಡನೆಯವರ ಜೊತೆ ಮಕ್ಕಳಿದ್ದರು, ಮೂರನೆಯವರು ಅವಳಿಗೆ ಕೈ ಮುಗಿದರು. ಕೈ ಮುಗಿದವರಿಗೆ ಹೇಗೆ ಹೇಳುವುದು? ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಚಿತ್ರ ಮೆಟ್ಟಿಲಿಳಿದು ಹೋಗಿದ್ದವು.

ಆಗ ಬಂದವಳು ಗುರುಸಿದ್ದಮ್ಮ, ಗುರುಬಸಮ್ಮನ ಮಗಳು. ಐವತ್ತರ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ. ಹಿಂದೊಮ್ಮೆ ಜಗಲಿಯ ಮೇಲೆ ಕೂತಿದ್ದ ಇಂದ್ರಾಣಿಯಿಂದ ಈ ಚಿತ್ರ ಈಸಿಕೊಂಡು ಒಳಗೆ ಹೋದವಳು ಅವಳೇ. ಒಂದೇ ಬೆಂಚು ಖಾಲಿಯಿತ್ತು. ಒಂದು ಗಳಿಗೆ ನಿಂತಳು, ಆಮೇಲೆ ಇಂದ್ರಾಣಿ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮದನ್ ಇಬ್ಬರಿಗೂ ಒಂದೇ ಥರದ ಲೋಟದಲ್ಲಿ ಕಾಫಿ ಇಟ್ಟು ಹೋದ.

“ಎಂಟು ದಿಸ ಗೋಡೆ ಬಿಕೋ ಅಂತಿತ್ತು ಕಣವ್ವ” ಎಂದಳು ಗುರುಸಿದ್ದಮ್ಮ, ತಾಯಿಯ ಚಿತ್ರ ನೋಡುತ್ತ. “ಕೊಡಾಕಿಲ್ಲ ಅಂದಿದ್ದೆ ಆ ಉಡುಗುಂಗೆ. ಅಣ್ಣ ಕೊಟ್ಟುಬುಟ್ಟ.”

“ತಕ್ಕೊಂಡೋಗಿ ಅವ್ವಾರೆ. ಬಿಚ್ಚಿಸ್ಕೊಡ್ತೀನಿ.”

“ಇರು. ನಿನ್ನ ಒಂದು ಮಾತು ಕೇಳ್ಬೇಕು ಅಂತ್ಲೇ ನಾನು ಬಂದಿದ್ದು.” ಕಾಫಿಯನ್ನು ಊದಿ ಊದಿ ಒಂದು ಗುಟುಕು ಕುಡಿದಳು. “ನಾನು ಗಂಡನ ಮನೆ ಬುಟ್ಟು ಬಂದೋಳು. ವಾಪಸ್ ಓಗು ಅಂದ್ರು, ಓಗಾಕಿಲ್ಲ ಅಂದೆ. ಅವತ್ತಿಂದ ನಮ್ಮವ್ವ ನನ್ನ ಮಕ ನೋಡ್ನಿಲ್ಲ. ಮೂರು ವರ್ಸ. ಒಂದೇ ಮನೆ, ಒಂದೇ ಒಲೆ. ತಟ್ಟೆಗೆ ಇಕ್ಕೋಳು, ಆ ಕಡೆ ತಿರಿಕ್ಕೊಂಡು ಇಕ್ಕೋಳು. ಸಾಯೋವಾಗ್ಲೂ ಗ್ವಾಡೆ ಕಡೆ ತಿರಿಕ್ಕೊಂಡೇ ಸತ್ಲು.”

ಇಂದ್ರಾಣಿ ಲೋಟ ಕೆಳಗಿಟ್ಟಳು.

“ಆಮ್ಯಾಲೆ ನೀನು ಪಟ ತಂದೆ. ಬಿಚ್ಚಿ ನೋಡಿದ್ರೆ ನಮ್ಮವ್ವ ನನ್ನೇ ನೋಡ್ತಾವ್ಳೆ! ಎಂಗೆ ನೋಡ್ತಾವ್ಳೆ ಅಂದ್ರೆ… ಕಳಕೊಂಡಿದ್ದ ಮಗು ಸಿಕ್ದಂಗೆ. ಎದೆ ಒಡ್ಕೊಂಡು ಅತ್ತೆ. ಓಗ್ಲಿ, ಒಳಗೆ ಇತ್ತಲ್ಲ ಅಂದ್ಕೊಂಡೆ. ಅನ್ನೆಲ್ಡು ವರ್ಸದಿಂದ ಅವಳ ಮುಂದೆ ಕೂತು ಎಲ್ಲಾನೂ ಏಳ್ಕೊಂಡಿವ್ನಿ. ಬೈದಿವ್ನಿ ಕೂಡಾ.” ನಕ್ಕಳು. ನಕ್ಕು, ಇಂದ್ರಾಣಿಯ ಕಡೆ ಪೂರ್ತಿ ತಿರುಗಿದಳು. “ನೀನು ನಮ್ಮವ್ವನ್ನ ಕಂಡೋಳಲ್ಲ. ನಂಗೇ ಕಾಣ್ದೆ ಇದ್ದುದ್ದು ನಿಂಗೆ ಎಂಗೆ ಕಾಣ್ತು? ಅದ ಏಳು. ಈ ಸಲ ಎಡೆ ಇಕ್ಕೋ ಮುಂಚೆ ನಂಗೆ ಗೊತ್ತಾಗ್ಬೇಕು.”

ಕೆಳಗಿನ ಅಂಗಡಿಯಲ್ಲಿ ಯಾರೋ ಕೊಡವನ್ನು ಬೆರಳಿನಿಂದ ಬಡಿದು ಸದ್ದು ನೋಡುತ್ತಿದ್ದರು. ಹೇಳದೆ ಇರುವುದು ಎಷ್ಟು ಸುಲಭವೆಂದು ಇಂದ್ರಾಣಿಗೆ ಕಂಡಿತು. ‘ದೇವರು ಬರೆಸಿದ’ ಎಂದರೆ ಸಾಕು, ಈ ಹೆಂಗಸು ಹಗುರಾಗಿ ಮೆ‌ಟ್ಟಿಲಿಳಿಯುತ್ತಾಳೆ. ಬಾಗಿಲ ಮೇಲಿನ ಹೆಸರೂ ಉಳಿಯುತ್ತದೆ. ಗೋಡೆಯ ಮೇಲಿನ ಆ ನೋಟವೂ ಉಳಿಯುತ್ತದೆ. ತನ್ನ ಕೂಸಿಗೆ ಈ ಲೋಕದಲ್ಲಿ ಇರುವ ಗುರುತು ಅದೊಂದೇ. ಆದರೆ ಇವಳು ಹನ್ನೆರಡು ವರ್ಷ ಮಾತಾಡಿದ್ದು ಯಾರ ಜೊತೆ?

“ಅದು ನಿಮ್ಮವ್ವ ಅಲ್ಲ” ಎಂದಳು.

“ಏನಂದೆ?”

“ಆ ಕಣ್ಣು ನಂದು ಅವ್ವಾರೆ. ಕನ್ನಡಿ ನೋಡ್ಕೊಂಡು ಬರ್ದೆ. ಕನ್ನಡೀಲಿ ಎಡ ಬಲ ತಿರುಗ್ತದೆ, ಅದ್ಕೇ ನಿಮ್ಗೆ ಗೊತ್ತಾಗ್ದು. ಎಲ್ಲಾ ಪಟದಲ್ಲೂ ನಂದೇ. ನಂಗೂ ಈಗ್ಲೇ ಗೊತ್ತಾಗಿದ್ದು.” ಒಂದು ಸಲ ಬಾಯಿಬಿಟ್ಟ ಮೇಲೆ ಮಿಕ್ಕದ್ದೂ ಬಂತು. ಏಳು ತಿಂಗಳು, ಕಾಣದೆ ಹೋದ ಮುಖ, ಹದಿನೈದನೆಯ ದಿನ ಮೇಜಿನ ಮೇಲೆ ಬಂದು ಕೂತ ಗುರುಬಸಮ್ಮ. “ನಿಮ್ಮ ನೋಡ್ತಿರೋದಲ್ಲ ಅದು. ನನ್ನ ಮಗೀನ ಹುಡುಕ್ತಿರೋದು.”

ಗುರುಸಿದ್ದಮ್ಮ ಚಿತ್ರವನ್ನು ನೋಡಿದಳು, ಇಂದ್ರಾಣಿಯನ್ನು ನೋಡಿದಳು, ಮತ್ತೆ ಚಿತ್ರವನ್ನು. ಕಾಫಿಯ ಮೇಲೆ ಕೆನೆ ಕಟ್ಟಿತು. ಈಗ ಎದ್ದು ಕೂಗಾಡುತ್ತಾಳೆ, ಚಿತ್ರವನ್ನು ನೆಲಕ್ಕೆ ಎತ್ತಿಹಾಕುತ್ತಾಳೆ ಎಂದು ಇಂದ್ರಾಣಿ ಕಾದಳು.

“ನಿನ್ನ ಜಗಲಿ ಮ್ಯಾಲೆ ಕೂರ್ಸಿ, ನಿನ್ಗೇ ಎಡೆ ಇಕ್ಕುದ್ನಾ ನಾನು?” ಅದು ಸಿಟ್ಟೋ ಅಲ್ಲವೋ ದನಿಯಲ್ಲಿ ತಿಳಿಯಲಿಲ್ಲ. ಆಮೇಲೆ ಕೇಳಿದಳು, “ಎಣ್ಣೋ ಗಂಡೋ?”

“ಎಣ್ಣಂತೆ.”

“ಎಸ್ರು?”

“ಇಕ್ನಿಲ್ಲ.”

ಗುರುಸಿದ್ದಮ್ಮ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು ಎದ್ದು ಗೋಡೆಯ ಹತ್ತಿರ ಹೋದಳು. ಚಿತ್ರದ ಮುಂದೆ, ಇಂದ್ರಾಣಿಗೆ ಬೆನ್ನು ಮಾಡಿ ನಿಂತೇ ಮಾತಾಡಿದಳು. “ನಾನು ಒಂದು ದಿಸನೂ ತಪ್ಪಾಯ್ತು ಅವ್ವ ಅಂತ ಏಳ್ನಿಲ್ಲ. ಅವಳೇ ಸೋತು ನನ್ನ ನೋಡಿದ್ಲಲ್ಲ, ಇನ್ನು ನಾನ್ಯಾಕೆ ಏಳ್ಬೇಕು ಅಂತ ಕೊಬ್ಬು. ನಮ್ಮವ್ವ ನನ್ನ ನೋಡ್ದೆ ಓದ್ಲು. ಅದೇ ದಿಟ.” ತಿರುಗಿದಳು. “ಮುಚ್ಚುಬುಡು.”

“ಏನ?”

“ಕಣ್ಣ. ನೀನೇ ತೆರೆದೋಳು, ನೀನೇ ಮುಚ್ಚು. ಎಂಗೋದ್ಲೋ ಅಂಗೇ ಮನೇಗೆ ಬರ್ಲಿ.”

ಇಂದ್ರಾಣಿಯ ಕುಂಚಗಳೂ ಬಣ್ಣದ ಬಿಲ್ಲೆಗಳೂ ಅಲ್ಲೇ ಇದ್ದವು. ಜನ ನೋಡಲೆಂದು ಅರ್ಪಿತ ಅವನ್ನು ಸ್ಟೂಲಿನ ಮೇಲೆ ಜೋಡಿಸಿಟ್ಟಿದ್ದಳು. ಮದನ್ ಏನೂ ಕೇಳದೆ ಹಿಂದಿನ ಮೊಳೆ ಕಿತ್ತು ಗಾಜು ಬೇರೆ ಮಾಡಿ, ಚಿತ್ರವನ್ನು ಬೆಂಚಿನ ಮೇಲೆ ಮಲಗಿಸಿದ. ಗಾಜಿಲ್ಲದೆ ಆ ನೋಟ ಇನ್ನೂ ಹತ್ತಿರ ಬಂತು. ಇಪ್ಪತ್ತೊಂಬತ್ತು ವರ್ಷದ ಇಂದ್ರಾಣಿ, ಎದೆಹಾಲು ಬತ್ತದೆ ಕುಪ್ಪಸ ಒದ್ದೆಯಾಗುತ್ತಿದ್ದ ಇಂದ್ರಾಣಿ, ಮುದುಕಿಯೊಬ್ಬಳ ಸುಕ್ಕಿನೊಳಗಿಂದ ಕೂಸೆಲ್ಲಿ ಎಂದು ಕೇಳುತ್ತಿದ್ದಳು. ಅವಳನ್ನು ಯಾರೂ ಅವತ್ತು ಏನಾಯಿತೆಂದು ಕೇಳಿರಲಿಲ್ಲ. ಈಗ ತಾನೂ ಆ ಕಣ್ಣು ಮುಚ್ಚಬೇಕು.

ಬಣ್ಣ ಕಲೆಸುತ್ತ ಮುದುಕಿಯ ಮೈಬಣ್ಣ ಹುಡುಕಿದಳು. ರೆಪ್ಪೆ ಹೇಗೆ ಬರೆಯುವುದೆಂದು ಯೋಚಿಸುವಾಗ ಕನ್ನಡಿ ಬೇಕಾಗಲಿಲ್ಲ. ಆ ರೆಪ್ಪೆಗಳನ್ನು ಬ್ಲೇಡಿನಿಂದ ಕೆರೆದವಳು ಅವಳೇ. ಅವು ಹೇಗಿದ್ದವು, ಎಲ್ಲಿ ಊದಿದ್ದವು, ಬಲಗಡೆಯ ರೆಪ್ಪೆಯ ಮೇಲೆ ಎಲ್ಲಿ ಒಂದು ಸಣ್ಣ ಕರೀ ಮಚ್ಚೆಯಿತ್ತು ಎಂದು ಬಲ್ಲವಳು ಈಗ ಅವಳೊಬ್ಬಳೇ.

“ಮಚ್ಚೆ ಇತ್ತು ಇಲ್ಲಿ” ಎಂದಳು.

ಗುರುಸಿದ್ದಮ್ಮ ಬಗ್ಗಿದಳು. “ಊ. ಇತ್ತು. ಇತ್ತು ಕಣವ್ವ! ಚಿಕ್ಕೋಳಿದ್ದಾಗ ಉಗುರಲ್ಲಿ ಕೀಳಾಕೋಗಿ ಏಟು ತಿಂದಿದ್ದೆ.”

ಮೊದಲು ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣು ಒಂಟಿಯಾಗಿ ಅವಳನ್ನು ನೋಡಿತು. ಇಂದ್ರಾಣಿ ಅದನ್ನು ಬೇಗ ಮುಚ್ಚಲಿಲ್ಲ. ಹೊರಮೂಲೆಯಿಂದ ಎಳೆ ಎಳೆಯಾಗಿ, ಮಲಗಿಸುವವರ ಹಾಗೆ, ಬಣ್ಣ ತಂದಳು. ಕೊನೆಗೆ ಉಳಿದದ್ದು ಸಾಸಿವೆಕಾಳಿನಷ್ಟು ಬೆಳಕು. ಉಸಿರು ಹಿಡಿದು ಅದರ ಮೇಲೆ ಕುಂಚದ ತುದಿ ಇಟ್ಟಳು.

ಬೆಂಚಿನ ಮೇಲೆ ಯಾರೋ ಅಪರಿಚಿತ ಮುದುಕಿ ಮಲಗಿದ್ದಳು. ಇಂದ್ರಾಣಿ ಅವಳನ್ನು ಅವಳಾಗಿ ಕಂಡದ್ದು ಅದೇ ಮೊದಲು. ಗುರುಸಿದ್ದಮ್ಮ ಮಾತ್ರ “ಅವ್ವಾ” ಎಂದಳು, ಅಡಿಗೆಮನೆಯಿಂದ ನಡುಮನೆಗೆ ಕರೆದ ಹಾಗೆ.

ಗಾಜನ್ನು ಮದನ್ ಬೇರೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಇಳಿಸಿದ. ಚಿತ್ರವನ್ನು ಸುತ್ತುವಂತಿರಲಿಲ್ಲ.

“ಇನ್ನೂ ಹಸಿ ಅದೆ ಅವ್ವಾರೆ. ರೆಪ್ಪೆ ಮುಟ್ಟಬ್ಯಾಡಿ.”

“ಮುಟ್ಟಾಕಿಲ್ಲ.”

ಗುರುಸಿದ್ದಮ್ಮ ಚಿತ್ರವನ್ನು ಎರಡು ಕೈಯಲ್ಲೂ ಮುಖದ ಮುಂದೆ ಎತ್ತಿ ಹಿಡಿದುಕೊಂಡಳು. ಅಟ್ಟದ ಮೆಟ್ಟಿಲು ಕಡಿದು, ಮರದ್ದು, ಸವೆದದ್ದು. ಚಿತ್ರದ ಅಡ್ಡಕ್ಕೆ ಅವಳಿಗೆ ಕಾಲು ಕಾಣುತ್ತಿರಲಿಲ್ಲ. ಇಂದ್ರಾಣಿ ಒಂದು ಮೆಟ್ಟಿಲು ಮುಂದಾಗಿ ಇಳಿದು, ಹಿಂದಕ್ಕೆ ತಿರುಗಿ ಅವಳ ಮೊಳಕೈ ಹಿಡಿದುಕೊಂಡಳು.

“ಇಲ್ಲೊಂದದೆ” ಎಂದಳು. “ಇನ್ನೊಂದು. ನಿಧಾನ. ಇನ್ನೊಂದು.”